ಕೆರೆ ಏರಿಯ ಫೋಟೊಗ್ರಾಫರ್

ಆ ಕೆರೆಯ ಏರಿ ಹತ್ತುವ ಮೊದಲು ಅವರು ಚಪ್ಪಲಿ ಬಿಡುತ್ತಿದ್ದರು. ಬಿಡಬೇಕೆಂದು ಅಲ್ಲಿ ಯಾರೂ ಬೋರ್ಡ್ ಹಾಕಿರಲಿಲ್ಲ. ಅದು ಗುಡಿಯಲ್ಲ, ದರ್ಗಾ ಅಲ್ಲ. ಕೋಡಿಯ ಪಕ್ಕ ಬೇವಿನ ಮರದ ಕೆಳಗೆ ನಿಲ್ಲಿಸಿದ ಒಂದು ಕರಿಕಲ್ಲು, ಅದರ ಎದುರಿಗೆ ಕೂರಲು ಒಂದು ಕಟ್ಟೆ, ಅಷ್ಟೆ. ಏರಿಯ ಮೇಲೆ ಜಾಲಿಮುಳ್ಳು ಧಾರಾಳ. ಒಮ್ಮೆ ಅಂಗಾಲಿಗೆ ಮುಳ್ಳು ಹೊಕ್ಕು ಕೂತಿದ್ದಾಗ, ಯಾಕ್ರೀ ಬೇಕಿತ್ತು ಈ ಉಸಾಬರಿ ಎಂದೆ. ಅವರು ಮುಳ್ಳು ಕೀಳುತ್ತಲೇ ಹೇಳಿದರು: "ಚಪ್ಪಲಿ ಸದ್ದು ಮಾಡ್ತೈತೆ. ಕುಂತೋರು ತಿರುಗಿ ನೋಡ್ತಾರೆ. ತಿರುಗಿ ನೋಡಿದ್ರೆ ಫೋಟೊ ಕೆಡ್ತೈತೆ."

ಹೋದ ಮಳೆಗಾಲದ ಕೊನೆಯಲ್ಲಿ ಅವರು ತೀರಿಕೊಂಡರು. ನಾನು ಪತ್ರಿಕೆಯಿಂದ ನಿವೃತ್ತನಾಗಿ ಆಗಲೇ ಕೆಲವು ವರ್ಷ ಕಳೆದಿತ್ತು. ಜಿಲ್ಲಾ ಪುಟದ ಮೂಲೆಯಲ್ಲಿ ಸಣ್ಣ ಸುದ್ದಿ ಬಂತು: ಚಿತ್ರದುರ್ಗದ ಹಿರಿಯ ಫೋಟೊಗ್ರಾಫರ್ ನಿಧನ. ಅದರಲ್ಲಿ ತಪ್ಪೇನೂ ಇರಲಿಲ್ಲ. ಹೆಣ್ಣುಮಕ್ಕಳಿದ್ದಾರೆ ಎಂದಿತ್ತು, ಇದ್ದಾರೆ. ಬಹಳ ಕಾಲ ಪತ್ರಿಕೆಗಳಿಗೆ ಚಿತ್ರ ಒದಗಿಸಿದ್ದರು ಎಂದಿತ್ತು, ಒದಗಿಸಿದ್ದರು. ಆದರೂ ಓದಿ ಮುಗಿಸಿದಾಗ ಇದು ಬೇರೆ ಯಾರದೋ ಸುದ್ದಿ ಅನ್ನಿಸಿತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಚಿತ್ರದ ಕೆಳಗೆ ತೆಗೆದವರ ಹೆಸರು ಹಾಕುವ ಪದ್ಧತಿ ನಮ್ಮ ಪತ್ರಿಕೆಯಲ್ಲಿ ಶುರುವಾದಾಗ ಅವರು ಬೇಡವೆಂದಿದ್ದರು. "ಹೆಸರು ನೋಡಿದ್ರೆ ಮದುವೆಗೆ ಕರೆಯೋ ಒಬ್ರೋ ಇಬ್ರೋ ಅವ್ರೂ ಕರೆಯಲ್ಲ" ಎಂದು ನಕ್ಕಿದ್ದರು.

ಅವರ ಸ್ಟುಡಿಯೋ ಸಂತೇಪೇಟೆಯ ಒಂದು ಸಂದಿಯಲ್ಲಿತ್ತು. ಕೆಳಗೆ ಸ್ಟುಡಿಯೋ, ಮೇಲೆ ಒಂದು ಕೋಣೆಯ ಮನೆ, ಪಕ್ಕದಲ್ಲಿ ಸೈಕಲ್ ರಿಪೇರಿ ಅಂಗಡಿ. ಅವರ ತಂದೆಯೂ ಅದೇ ಕೆಲಸದವರು. ತಂದೆಯಿಂದ ಅವರಿಗೆ ಬಂದದ್ದು ಪರದೆ ಹೊದ್ದು ನೋಡುವ ಒಂದು ಹಳೆಯ ಕ್ಯಾಮೆರಾ, ಮತ್ತು ಒಂದು ವಿಚಿತ್ರವಾದ ವಿದ್ಯೆ. ಆಗ ಹಳ್ಳಿಗಳಲ್ಲಿ ಎಷ್ಟೋ ಜನ ಬದುಕಿರುವಾಗ ಫೋಟೊ ತೆಗೆಸಿಕೊಳ್ಳುತ್ತಲೇ ಇರಲಿಲ್ಲ. ಯಾರಾದರೂ ಸತ್ತರೆ ಮನೆಯವರು ಸ್ಟುಡಿಯೋಗೆ ಓಡಿ ಬರುತ್ತಿದ್ದರು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ರುಮಾಲು ಸುತ್ತಿಸಿಯೋ ಸೆರಗು ಹೊದಿಸಿಯೋ ಫೋಟೊ ತೆಗೆಯುವುದು. ಆಮೇಲೆ ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ರೆಪ್ಪೆಯನ್ನು ಅಳಿಸಿ, ಬಿಳಿ ಇಟ್ಟು, ಪಾಪೆ ಬರೆದು, ಅದರೊಳಗೊಂದು ಬೆಳಕಿನ ಚುಕ್ಕೆ ಇಡುವುದು. ಇದಕ್ಕೆ 'ಕಣ್ಣು ತೆರೆಯುವುದು' ಎನ್ನುತ್ತಿದ್ದರು. ಹೊಳಲ್ಕೆರೆ, ಹೊಸದುರ್ಗದ ಕಡೆ ಹಳೆಯ ಮನೆಗಳ ಗೋಡೆಯ ಮೇಲೆ, ಯಾವ ಕಡೆ ನಿಂತರೂ ನಮ್ಮನ್ನೇ ದಿಟ್ಟಿಸುವ ಅಜ್ಜ ಅಜ್ಜಿಯರ ಚಿತ್ರಗಳಿವೆಯಲ್ಲ, ಅವುಗಳಲ್ಲಿ ಹಲವು ಕಣ್ಣುಗಳು ಇವರು ತೆರೆದವು.

ಈ ಕೈಚಳಕವೇ ಅವರನ್ನು ಒಂಟಿ ಮಾಡಿತು. ಹೆಣ ಮುಟ್ಟುವ ಕ್ಯಾಮೆರಾವನ್ನು ಚಪ್ಪರದೊಳಗೆ ಬಿಟ್ಟುಕೊಳ್ಳುವುದು ಹೇಗೆ? ಹೊಳಲ್ಕೆರೆಯ ಒಂದು ಮದುವೆಗೆ ಅವರನ್ನು ಗೊತ್ತಿಲ್ಲದೆ ಕರೆದಿದ್ದರು. ಧಾರೆಗೆ ಮುಂಚೆ ಒಬ್ಬ ಮುದುಕಿ ಗುರುತು ಹಿಡಿದಳು. "ಅಯ್ಯೋ, ಇವ್ರು ನಮ್ಮ ಯಜಮಾನ್ರ ಕಣ್ಣು ತೆಗೆದ ಸಾಬ್ರಲ್ವೇನ್ರೇ!" ಎಂದು ಎಲ್ಲರಿಗೂ ಕೇಳುವಂತೆ ಅಂದಳಂತೆ. ಬೈಗುಳವಲ್ಲ ಅದು, ಅಭಿಮಾನದ ಮಾತೇ. ಆದರೆ ಗಂಡಿನ ಕಡೆಯವರ ಮುಖ ಬದಲಾಯಿತು. "ಏನು ಮಾಡಿದ್ರು?" ಎಂದು ನಾನು ಕೇಳಿದೆ. "ಏನ್ ಮಾಡ್ತಾರೆ, ಉಪಚಾರ ಮಾಡಿ ಊಟಕ್ಕೆ ಹಾಕಿ ಕಳಿಸಿದ್ರು. ಹೋಳಿಗೆ ಚೆನ್ನಾಗಿತ್ತು" ಎಂದರು.

ಹೆಂಡತಿ ಬೇಗ ತೀರಿಕೊಂಡಿದ್ದರು. ಹೆಣ್ಣುಮಕ್ಕಳು ಮದುವೆಯಾಗಿ ಹಿರಿಯೂರು ಸೇರಿದ್ದರು. ಮಧ್ಯಾಹ್ನ ಹೋಟೆಲಿನಲ್ಲಿ ಗೋಡೆಯ ಕಡೆಯ ಬೆಂಚಿನಲ್ಲಿ ಕೂತು ಊಟ ಮಾಡುತ್ತಿದ್ದರು. ಎದುರಿಗೆ ಯಾರಾದರೂ ಬಂದು ಕೂತರೆ ಅವರ ಮುಖವನ್ನು ಒಂದು ಕ್ಷಣ ನೋಡಿ, "ಎಡಗಡೆಯಿಂದ ಬೆಳಕು ಬಂದ್ರೆ ನಿಮಗೆ ಚೆಂದ" ಎನ್ನುತ್ತಿದ್ದರು. ಅವರ ಸ್ನೇಹದ ಮಾತು ಅದೊಂದೇ. ಬಹಳ ಜನ ಅದನ್ನು ಕೇಳಿ ಬೇರೆ ಬೆಂಚಿಗೆ ಎದ್ದು ಹೋಗುತ್ತಿದ್ದರು. ತನ್ನನ್ನೂ ಈ ಮನುಷ್ಯ ಗೋಡೆಗೆ ಒರಗಿಸಿ ನೋಡುತ್ತಿದ್ದಾನೆ ಎಂದು ಅವರಿಗೆ ಅನ್ನಿಸುತ್ತಿತ್ತೋ ಏನೋ.

ನಾನು ದುರ್ಗಕ್ಕೆ ವರದಿಗಾರನಾಗಿ ಬಂದಾಗ ಪತ್ರಿಕೆಗೆ ಅಲ್ಲಿ ಸ್ವಂತ ಫೋಟೊಗ್ರಾಫರ್ ಇರಲಿಲ್ಲ. ಬೇಕಾದಾಗ ಇವರನ್ನು ಕರೆಯುತ್ತಿದ್ದೆ. ಪ್ರಿಂಟು ಒಣಗಿದ ಕೂಡಲೇ ಲಕೋಟೆಗೆ ಹಾಕಿ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ನನ್ನ ಕೆಲಸ. ಪೊಲೀಸರೂ ಇವರನ್ನೇ ಕರೆಯುತ್ತಿದ್ದರು, ಗುರುತು ಸಿಗದ ಶವಗಳ ಫೋಟೊ ತೆಗೆಯಲು.

ಕೆರೆಯ ದುರಂತ ನಡೆದದ್ದು ಆ ದಿನಗಳಲ್ಲಿ. ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವಿನ ಒಂದು ಊರು. ಎಷ್ಟೋ ವರ್ಷ ಬತ್ತಿದ್ದ ಕೆರೆ ಆ ಸಲದ ಮಳೆಗೆ ತುಂಬಿ ಕೋಡಿ ಬಿತ್ತು. ನಮ್ಮ ಸೀಮೆಯಲ್ಲಿ ಕೋಡಿ ಬಿದ್ದರೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಹೆಂಗಸರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟುಕೊಂಡು ಕೆರೆಗೆ ಬಾಗಿನ ಕೊಡಲು ಹೊರಟರು. ನಡೆದೇ ಹೋಗಬಹುದಾದ ದೂರ. ಆದರೆ ಸಂಭ್ರಮ ನೋಡಿ, ಟ್ರ್ಯಾಕ್ಟರಿನ ಟ್ರೇಲರ್ ತುಂಬ ಹತ್ತಿಕೊಂಡು ನೀರನ್ನು ಹತ್ತಿರದಿಂದ ನೋಡೋಣವೆಂದು ಏರಿಯ ಮೇಲೆಯೇ ಹೊರಟರು. ಮಳೆಗೆ ನೆಂದು ಮೆತ್ತಗಾಗಿದ್ದ ಏರಿ ಚಕ್ರದ ಕೆಳಗೆ ಕುಸಿದು ಟ್ರೇಲರ್ ಕೆರೆಗೆ ಉರುಳಿತು. ಬರದ ನಾಡಿನ ಜನ, ಈಜು ಕಲಿಯಲು ಅವರಿಗೆ ನೀರೆಲ್ಲಿತ್ತು?

ಅಂದು ಇಬ್ಬರೂ ಹೋಗಿದ್ದೆವು. ಪೊಲೀಸರು ಹೇಳಿದ ಫೋಟೊಗಳನ್ನು ಅವರು ತೆಗೆದರು, ಏರಿಯ ಮೇಲೆ ಸಾಲಾಗಿ ಮಲಗಿಸಿದ್ದ ಒಬ್ಬೊಬ್ಬರದೂ. ನನ್ನ ಲಕೋಟೆಗೆ ಹಾಕಿದ್ದು ಬೇರೆ ಚಿತ್ರ: ತುಂಬಿದ ಕೆರೆ, ಅದರ ಮೇಲೆ ತೇಲುತ್ತಿದ್ದ ಮೊರಗಳು. ಬೆಂಗಳೂರಿನ ಸುದ್ದಿ ಡೆಸ್ಕಿನವರು ಫೋನಿನಲ್ಲಿ ಕೂಗಾಡಿದರು. ಶವಗಳ ಚಿತ್ರ ಇದ್ದೂ ಯಾಕೆ ಕಳಿಸಲಿಲ್ಲ? ನಾನು ಹೋಗಿ ಕೇಳಿದೆ. "ಅವು ಪೊಲೀಸ್ನೋರಿಗೆ ತೆಗೆದಿದ್ದು. ನಿಮಗೆ ತೆಗೆದಿದ್ದು ನಿಮಗೆ ಕೊಟ್ಟೆ" ಎಂದರು. ಮರುದಿನ ಮೊರಗಳ ಚಿತ್ರವೇ ಅಚ್ಚಾಯಿತು.

ಊರಿನವರು ಸ್ಮಾರಕದ ಮಾತು ಎತ್ತಿದಾಗ ಮಂಟಪ ಕಟ್ಟಿಸುತ್ತೇನೆಂದು ಮುಂದೆ ಬಂದ ರಾಜಕಾರಣಿಗಳಿದ್ದರು. ಊರ ಗೌಡರು ಸಮಿತಿಯ ಅಧ್ಯಕ್ಷರು. ಮಾತು ಒರಟು, ಆದರೆ ವಿವೇಕವಿತ್ತು. "ಮಂಟಪ ಕಟ್ಟಿದ್ರೆ ಅದರಾಗೆ ಇಸ್ಪೀಟ್ ಆಡ್ತಾರೆ. ಒಂದು ಕಲ್ಲು ಸಾಕು" ಎಂದು ಎಲ್ಲರನ್ನೂ ವಾಪಸು ಕಳಿಸಿದರು. ಕರಿಕಲ್ಲಿನಲ್ಲಿ ಒಬ್ಬೊಬ್ಬರಿಗೂ ಒಂದು ಸಣ್ಣ ಚೌಕ, ಚೌಕದ ಕೆಳಗೆ ಹೆಸರು, ಮೇಲೆ ಪಿಂಗಾಣಿ ಬಿಲ್ಲೆಯಲ್ಲಿ ಫೋಟೊ. ಫೋಟೊಗಳನ್ನು ಸಿದ್ಧಮಾಡುವ ಕೆಲಸ ಇವರ ಪಾಲಿಗೆ ಬಂತು. ಮನೆಯವರು ಸಿಕ್ಕಿದ್ದನ್ನು ತಂದುಕೊಟ್ಟರು: ಮದುವೆಯ ಗುಂಪು, ಶಾಲೆಯ ಗುಂಪು, ಜಾತ್ರೆಯಲ್ಲಿ ಕಾಗದದ ಕಾರಿನ ಹಿಂದೆ ನಿಂತದ್ದು. ಒಬ್ಬಳದು ಮಾತ್ರ ಎಲ್ಲೂ ಇರಲಿಲ್ಲ. ಅವಳು ಮಾರಕ್ಕ, ಕುರಿ ಕಾಯುವ ಬೀರಪ್ಪನ ಹೆಂಡತಿ.

ಗಂಡಹೆಂಡಿರಿಬ್ಬರೂ ವರ್ಷದ ಬಹುಪಾಲು ಕುರಿಯ ಜತೆ ಊರೂರು ಅಲೆಯುವವರು. ಆ ಸಲ ತಂಗಿಯ ಬಾಣಂತನಕ್ಕೆಂದು ಅವಳೊಬ್ಬಳೇ ಊರಿಗೆ ಬಂದಿದ್ದಳು. ಬೀರಪ್ಪ ಹಿರೇಗುಂಟನೂರಿನ ಕಡೆ ಕುರಿ ಬಿಟ್ಟುಕೊಂಡಿದ್ದ. ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹೆಂಡತಿಯ ಮುಖವನ್ನು ಕೊನೆಯ ಸಲ ನೋಡಲು ಅವನಿಗೆ ಸಿಗಲಿಲ್ಲ. ಉಳಿದದ್ದು ಪೊಲೀಸರಿಗೆಂದು ತೆಗೆದ ಆ ಒಂದು ಫೋಟೊ.

ಅವನು ಸ್ಟುಡಿಯೋಗೆ ಬಂದ ದಿನ ನಾನೂ ಅಲ್ಲಿದ್ದೆ, ಯಾವುದೋ ಪ್ರಿಂಟು ಒಣಗಲೆಂದು ಕಾಯುತ್ತ. ಹೆಗಲ ಮೇಲೆ ಕಂಬಳಿ, ಒಳಗೆ ಕಾಲಿಡಲು ಸಂಕೋಚ.

"ಬರ್ರಿ ಬೀರಪ್ಪ, ಕುಂತ್ಕಳ್ರಿ" ಎಂದು ಅವರು ಕುರ್ಚಿ ಸರಿಸಿದರು. ಆಗಲೇ ಕಣ್ಣು ತೆರೆದು ಸಿದ್ಧವಾಗಿಟ್ಟಿದ್ದ ಚಿತ್ರ ಕೊಟ್ಟರು. ಒಳ್ಳೆಯ ಕೆಲಸ. ಮಾರಕ್ಕ ನಮ್ಮನ್ನು ನೇರವಾಗಿ ನೋಡುತ್ತಿದ್ದಳು.

ಬೀರಪ್ಪ ಅದನ್ನು ಬಹಳ ಹೊತ್ತು ಹಿಡಿದಿದ್ದ. ಬೆಳಕಿಗೆ ಒಯ್ದ. ತಿರುಗಿಸಿ ನೋಡಿದ.

"ಯಾರ್ ಇವ್ಳು?"

"ನಿಮ್ಮ ಮನೆಯವ್ರು ಕಣ್ರೀ."

"ಅಲ್ಲ ಬಿಡ್ರಿ. ಮೂಗು ಅವ್ಳದೇ ಐತೆ. ನೋಡಾದು ಬ್ಯಾರೆ ಯಾರೋ."

ಅವರು ಬೇಸರಪಡಲಿಲ್ಲ. ಕುಂಚ ಎತ್ತಿಕೊಂಡರು. "ಹೇಳ್ರಿ ಮತ್ತೆ, ಸರಿ ಮಾಡಾಣ. ಕಣ್ಣು ದೊಡ್ಡವಾ, ಸಣ್ಣವಾ?"

"ಎರಡಿದ್ವು."

"ಅಯ್ಯೋ ನಿಮ್ಮ! ಎರಡಿರ್ತಾವೆ ಮಾರಾಯ್ರೇ. ಹೆಂಗಿದ್ವು?"

ಬೀರಪ್ಪ ಯೋಚಿಸಿದ. ಮುಖ ಸಣ್ಣದಾಯಿತು. "ಗೊತ್ತಿಲ್ಲ ಸಾಬ್ರೇ" ಎಂದ. "ಕುರಿ ಮುಂದೆ ಅವ್ಳು, ಹಿಂದೆ ನಾನು. ಬೆನ್ನು ಹೆಂಗಿತ್ತು ಕೇಳ್ರಿ, ಹೇಳ್ತೀನಿ. ಸೀರೆ ಎತ್ತಿ ಕಟ್ಟಿ ಹಳ್ಳ ದಾಟೋದು ಹೆಂಗೆ ಕೇಳ್ರಿ, ಹೇಳ್ತೀನಿ. ಹೆಂಡ್ತಿ ಕಣ್ಣ ನೋಡ್ತಾ ಕುಂತ್ರೆ ಕುರಿ ಯಾರು ನೋಡೋರು?"

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೂ ನಗಲಿಲ್ಲ. ಕುಂಚವನ್ನು ನೀರಿನ ಲೋಟಕ್ಕೆ ಹಾಕಿದರು. ಆಗ ಬೀರಪ್ಪ ಕೇಳಿದ: "ನೀವು ಮೊದ್ಲು ತೆಗೆದಿದ್ದು ಐತಲ್ಲ, ಬರೆಯದೇ ಇರೋದು. ಅದನ್ನ ಕೊಡ್ರಿ ನೋಡಾಣ."

"ಅದು ಬ್ಯಾಡ ಬೀರಪ್ಪ."

"ಕೊಡ್ರಿ. ನಾನು ಬಂದಾಗ ಮಣ್ಣಾಗೋಗಿತ್ತು."

ಅವರು ನನ್ನ ಕಡೆ ನೋಡಿದರು. ಒಳಗೆ ಹೋಗಿ ತಂದರು. ಕೊಡುವಾಗ ಚಿತ್ರವನ್ನು ಮಗುಚಿ ಕೊಟ್ಟರು, ತಿರುಗಿಸಿ ನೋಡುವುದು ಬಿಡುವುದು ಅವನಿಗೆ ಬಿಟ್ಟದ್ದು ಎನ್ನುವಂತೆ. ಬೀರಪ್ಪ ತಿರುಗಿಸಿದ. ನೋಡಿದ. ಅಳಲಿಲ್ಲ. ಅವನ ಭುಜ ಇಳಿಯಿತು, ಹೊತ್ತದ್ದನ್ನು ಇಳಿಸಿದವನ ಹಾಗೆ.

"ಇವ್ಳು ನೋಡ್ರಿ ನಮ್ಮ ಮಾರಕ್ಕ" ಎಂದ. "ಮಲಗಿದ್ರೆ ಹಿಂಗೇ ಇರೋಳು. ಇದನ್ನೇ ಹಾಕ್ರಿ ಕಲ್ಲಿಗೆ. ಏನೂ ಬರೀಬ್ಯಾಡ್ರಿ."

ಸಮಿತಿ ಒಪ್ಪಲಿಲ್ಲ. ಆ ಸಭೆಗೂ ನಾನು ಹೋಗಿದ್ದೆ. ಇವರು ತಾವೇ ಚಿತ್ರ ಹಿಡಿದು ದುರ್ಗದಿಂದ ಬಂದಿದ್ದರು. ಗೌಡರು ಒಂದು ಸಲ ನೋಡಿ ಪಕ್ಕಕ್ಕಿಟ್ಟರು.

"ಏನ್ ಸಾಬ್ರೇ, ಕಲ್ಲ ಮ್ಯಾಲೆ ಎಲ್ರೂ ಎದ್ದು ಕುಂತವ್ರೆ, ಇವ್ಳೊಬ್ಳು ಮಲಗಿದ್ರೆ ಹೆಂಗೆ?"

"ಕುರಿ ಜತೆ ತಿರುಗಿ ದಣಿದಾಳೆ ಗೌಡ್ರೇ. ಮಲಗ್ಲಿ ಬಿಡ್ರಿ."

"ತಮಾಷೆ ಬ್ಯಾಡ. ಹೆಣದ ಫೋಟೊ ಕಲ್ಲಿಗೆ ಹಾಕಿದ್ರೆ ಹೆಣ್ಮಕ್ಳು ಈ ಕಡೆ ಬರ್ತಾರೇನ್ರೀ? ಕಣ್ಣು ತೆಗಿಯೋದು ನಿಮ್ಮ ಕಸುಬು. ತೆಗೀರಿ, ಹಾಕಾಣ."

"ತೆಗೆದೆ. ಗಂಡ ಒಪ್ಪಲಿಲ್ಲ."

"ಗಂಡ ಒಪ್ಪದಿದ್ರೆ ಖಾಲಿ ಇರ್ಲಿ."

ಹಾಗೆಯೇ ಆಯಿತು. ಮಾರಕ್ಕನ ಹೆಸರಿನ ಮೇಲಿನ ಚೌಕ ಖಾಲಿ ಉಳಿಯಿತು. ಕಣ್ಣು ಬರೆಯದ, ಅಂಚೆ ಕಾರ್ಡಿನ ಅಳತೆಯ ಆ ಚಿತ್ರವನ್ನು ಅವರು ಬೀರಪ್ಪನಿಗೇ ಕೊಟ್ಟುಬಿಟ್ಟರು. ಅಲ್ಲಿಂದ ಮುಂದೆ ಅವರು ಯಾರ ಕಣ್ಣನ್ನೂ ತೆರೆಯಲಿಲ್ಲ. ಕೇಳಿ ಬಂದವರಿಗೆ ಕೈ ನಡುಗುತ್ತದೆ ಎನ್ನುತ್ತಿದ್ದರು. ನಾನು ನೋಡಿದಂತೆ ಅವರ ಕೈ ನಡುಗುತ್ತಿರಲಿಲ್ಲ. ಮದುವೆಯವರು ಮೊದಲೇ ಬರುತ್ತಿರಲಿಲ್ಲ, ಈಗ ಸಾವಿನ ಮನೆಯವರೂ ಬರುವುದು ನಿಲ್ಲಿಸಿದರು. ಪಾಸ್‌ಪೋರ್ಟ್ ಅಳತೆಯ ಫೋಟೊ ಮತ್ತು ನಮ್ಮ ಪತ್ರಿಕೆ, ಇಷ್ಟು ಉಳಿಯಿತು.

ಪ್ರತಿವರ್ಷ ದುರಂತ ನಡೆದ ದಿನ ನಾವಿಬ್ಬರೂ ಹೊಳಲ್ಕೆರೆಗೆ ಹೋಗಿ ಅಲ್ಲಿಂದ ಊರಿನ ಬಸ್ಸು ಹಿಡಿಯುತ್ತಿದ್ದೆವು. ಅಲ್ಲಿ ಭಾಷಣವಿಲ್ಲ, ಮೈಕಿಲ್ಲ. ಯಾರೂ ಏರಿಯ ಮೇಲೆ ಗಾಡಿ ತರುವುದಿಲ್ಲ. ಸೈಕಲ್ಲನ್ನೂ ಕೆಳಗೇ ನಿಲ್ಲಿಸಿ ನಡೆದು ಬರುತ್ತಾರೆ. ಕಲ್ಲಿಗೆ ಹೂವಿಟ್ಟು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಾರೆ, ಎದ್ದು ಹೋಗುತ್ತಾರೆ. ಹೆಚ್ಚಿನ ವರ್ಷ ಕೆರೆಯಲ್ಲಿ ನೀರಿರುವುದಿಲ್ಲ. ಬಿರಿದ ಮಣ್ಣು, ಜಾಲಿಗಿಡ, ಅದರ ನಡುವೆ ಮೇಯುವ ಎಮ್ಮೆ. ಹೊಸಬರು ಯಾರಾದರೂ ಬಂದರೆ, ಇಲ್ಲಿ ಮುಳುಗಿದ್ದು ಹೇಗೆ ಎಂದು ಕೇಳುತ್ತಾರೆ.

ಇವರು ಚಿತ್ರ ತೆಗೆಯುತ್ತಿದ್ದದ್ದು ಹಿಂದಿನಿಂದ. ಕೂತವರ ಬೆನ್ನು, ಅವರಾಚೆ ಕಲ್ಲು, ಅದರಾಚೆ ಒಣಗಿದ ಕೆರೆ. "ಅಳೋ ಮುಖ ಒಂದೂ ಇಲ್ಲವೇ ನಿಮ್ಮ ಫೋಟೊಗ್ರಾಫರ್ ಹತ್ತಿರ?" ಎಂದು ಡೆಸ್ಕಿನಿಂದ ಪ್ರತಿವರ್ಷ ಫೋನು ಬರುತ್ತಿತ್ತು. ಒಮ್ಮೆ ರಿಸೀವರನ್ನು ಅವರ ಕೈಗೇ ಕೊಟ್ಟೆ. "ಅತ್ತಿದ್ದು ಆವತ್ತೇ ಆಗೋತು ಸಾರ್. ಇವತ್ತು ಸುಮ್ನೆ ಕುಂತಿದ್ರು. ನಾನು ನೋಡಿದ್ದು ತೆಗೆದಿದೀನಿ" ಎಂದು ಹೇಳಿ ಇಟ್ಟರು.

ಎಲ್ಲರೂ ಹೋದ ಮೇಲೆ ಬೀರಪ್ಪ ಬರುತ್ತಿದ್ದ. ಬಟ್ಟೆಯಲ್ಲಿ ಸುತ್ತಿದ ಚಿತ್ರವನ್ನು ಬಿಚ್ಚಿ ಖಾಲಿ ಚೌಕದ ಮೇಲೆ ಅಂಗೈಯಿಂದ ಒತ್ತಿ ಹಿಡಿದು ನಿಲ್ಲುತ್ತಿದ್ದ. ಕೈ ಸೋತಾಗ ಮತ್ತೆ ಸುತ್ತಿಕೊಂಡು ಹೋಗುತ್ತಿದ್ದ. ಅಷ್ಟು ಹೊತ್ತೂ ಇವರು ಬೇವಿನ ಮರದ ಆಚೆ, ಕ್ಯಾಮೆರಾ ಚೀಲದೊಳಗೆ ಹಾಕಿಕೊಂಡು ಕಾಯುತ್ತಿದ್ದರು. ಅಂಥ ಚಿತ್ರ ಯಾವ ಪತ್ರಿಕೆಗಾದರೂ ಮುಖಪುಟದ್ದು. ತೆಗೆಯಿರಿ ಎಂದು ನಾನೊಮ್ಮೆ ಒತ್ತಾಯಿಸಿದೆ. "ತೆಗೆದಿದ್ದು ಆತನ ಕೈಯಾಗೆ ಐತಲ್ಲ. ಫೋಟೊದ ಫೋಟೊ ಯಾಕ್ರೀ?" ಎಂದು ಮಾತು ಮುಗಿಸಿದರು.

ಗೌಡರು ತೀರಿಕೊಂಡು, ಎಷ್ಟೋ ಕಾಲದ ನಂತರ ಅವರ ಸೊಸೆ ಪಂಚಾಯಿತಿ ಅಧ್ಯಕ್ಷೆಯಾದರು. ಬೀರಪ್ಪನಿಗೆ ಆಗ ವಯಸ್ಸಾಗಿತ್ತು, ಕುರಿ ಮಾರಿ ಊರಲ್ಲೇ ಇದ್ದ. ಮಾರಕ್ಕನ ಫೋಟೊ ಹಾಕಿಸಿ ಎಂದು ಹೋಗಿ ಕೇಳಿದನಂತೆ. ಆಕೆ ಕಲ್ಲಿನ ಹತ್ತಿರ ಬಂದು ನೋಡಿ, "ಹಾಕಿದ್ರೆ ಏನಾಗ್ತಿತ್ತು? ಯಾಕೆ ಬ್ಯಾಡ ಅಂದ್ರು?" ಎಂದು ಜತೆಯವರನ್ನು ಕೇಳಿದರಂತೆ. ಹಾಕಿಸಿ ಎಂದು ಅಲ್ಲೇ ಒಪ್ಪಿಗೆ ಕೊಟ್ಟರಂತೆ.

ಸ್ಟುಡಿಯೋ ಅಷ್ಟರಲ್ಲಿ ಮುಚ್ಚಿತ್ತು. ಆದರೂ ನೆಗೆಟಿವ್ ಅವರ ಹತ್ತಿರ ಇತ್ತು. ದಾವಣಗೆರೆಗೆ ಹೋಗಿ ಬಿಲ್ಲೆ ಮಾಡಿಸಿಕೊಂಡು ಬಂದರು. ಏರಿ ಹತ್ತಲು ನನ್ನ ತೋಳು ಹಿಡಿದುಕೊಂಡರು. ಗಾರೆಯವನು ಚೌಕದಲ್ಲಿ ಬಿಲ್ಲೆ ಕೂರಿಸಿದ. ಇವರು ಹಿಂದಕ್ಕೆ ಸರಿದು ಕಲ್ಲನ್ನು ಪೂರ್ತಿಯಾಗಿ ತೆಗೆದರು, ಒಂದೇ ಒಂದು ಫೋಟೊ. ಆಮೇಲೆ ಅಭ್ಯಾಸದಂತೆ ನನ್ನ ಕಡೆ ತಿರುಗಿ, "ಎಷ್ಟೊತ್ತಿನ ಬಸ್ಸಿಗೆ ಕಳಿಸ್ಬೇಕು?" ಎಂದರು. ನಾನು ನಿವೃತ್ತನಾಗಿದ್ದೆ, ಕಳಿಸಲು ಪತ್ರಿಕೆ ಇರಲಿಲ್ಲ. ಅವರಿಗೆ ನೆನಪಾಗಿ, "ಹೌದಲ್ಲ" ಎಂದು ಕ್ಯಾಮೆರಾಕ್ಕೆ ಮುಚ್ಚಳ ಹಾಕಿದರು.

ಅವರ ಸಾವಿನ ಬಗ್ಗೆ ನನಗೆ ಗೊತ್ತಿರುವುದು ಸೈಕಲ್ ಅಂಗಡಿಯವರು ಹೇಳಿದ್ದಷ್ಟೇ. ಬೆಳಿಗ್ಗೆ ಟೀ ತರಿಸಲು ಇವರು ಕೂಗಲಿಲ್ಲವೆಂದು ಅಂಗಡಿಯವರು ಮೇಲೆ ಹೋಗಿ ನೋಡಿದ್ದಾರೆ. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತ ಹಾಗೆಯೇ ಇದ್ದರು. ರಾತ್ರಿಯೇ ಆಗಿರಬೇಕು. ಕಣ್ಣು ತೆರೆದಿದ್ದವು. ಮುಚ್ಚಲು ನೋಡಿದರೆ ರೆಪ್ಪೆ ನಿಲ್ಲಲಿಲ್ಲ. ಹಿರಿಯೂರಿನಿಂದ ಮಕ್ಕಳು ಬರುವವರೆಗೆ ಮುಖದ ಮೇಲೆ ಬಟ್ಟೆ ಹಾಕಿಟ್ಟಿದ್ದರು.

ಈ ವರ್ಷ ಕೆರೆಗೆ ನಾನೊಬ್ಬನೇ ಹೋದೆ. ಜನ ಬಂದು ಕೂತು ಎದ್ದು ಹೋಗಿದ್ದರು. ಹುಡುಗಿಯೊಬ್ಬಳು ಮೊಬೈಲಿನಲ್ಲಿ ಕಲ್ಲಿನ ಫೋಟೊ ತೆಗೆದುಕೊಂಡು ಇಳಿದು ಹೋದಳು. ಬೀರಪ್ಪ ಕಟ್ಟೆಯ ಮೇಲಿದ್ದ. ನನ್ನ ಹಿಂದೆ ಯಾರೂ ಬರುತ್ತಿಲ್ಲವೆಂದು ನೋಡಿ, "ಸಾಬ್ರು?" ಎಂದ. ಹೇಳಿದೆ.

ಅವನು ಎಲ್ಲಿ, ಯಾವಾಗ ಎಂದು ಕೇಳಲಿಲ್ಲ. "ಕಣ್ಣು ಮುಚ್ಚಿದೋರು ಯಾರು?" ಎಂದು ಕೇಳಿದ.

"ಯಾರೂ ಇರಲಿಲ್ಲ ಬೀರಪ್ಪ. ಬೆಳಿಗ್ಗೆ ನೋಡಿದಾಗ ತೆರೆದೇ ಇದ್ದವಂತೆ."

ಬೀರಪ್ಪ ಎದ್ದು ಹೋಗಿ ಕಂಬಳಿಯ ಅಂಚಿನಿಂದ ಮಾರಕ್ಕನ ಬಿಲ್ಲೆಯ ಮೇಲಿನ ಧೂಳು ಒರೆಸಿದ. ಅವಳನ್ನೇ ನೋಡುತ್ತ ಹೇಳಿದ:

"ಹೊಲದಾಗೆ ಕುರಿ ತರುಬಿ ಕೂಡಿ ಹಾಕಿದಾಗ ತೋಳ ಬರ್ತಾವೆ ಅಂತ ರಾತ್ರಿಯೆಲ್ಲ ನಾನು ಕಾವಲು ಎದ್ದಿರ್ತಿದ್ದೆ ಸಾರ್. ಅದ್ಕೇ ಇವ್ಳು ಹಿಂಗೆ ಕಣ್ಣು ಮುಚ್ಕೊಂಡು ಮಲಗೋಳು." ಆಮೇಲೆ ನನ್ನ ಕಡೆ ತಿರುಗಿದ. "ಅವ್ರಿಗೆ ಯಾರಿದ್ರು?"